ಬೂದಿನೀರಿನ ಗುಳ್ಳೆಗಳು

ಮೆಟ್ಟು ಹೊಲಿಯೋ ಕೈಗೆ ಇಂಜಿನ್ ಕೊಟ್ರ ಅದೂ ಮೆಟ್ಟಾಗೇ ಹೊರಗ ಬರ್ತದ, ಬೇಕಾದ್ರ ನೋಡ್ತಿರ್ರಿ — ವಕೀಲ ಮಧುಸೂದನರಾಯರ ಮಗ ಗೋಪಾಲಕೃಷ್ಣ ಹಾಗಂದಾಗ ಮಾರೆಣ್ಣನ ಕಣ್ಣು ಕೈಯಲ್ಲಿದ್ದ ಪ್ಲಗ್ಗಿನ ತುದಿಯಲ್ಲಿತ್ತು, ಅಲ್ಲಿ ಉಗುರಿನ ದಪ್ಪದಷ್ಟು ಒಂದು ಸಂದು, ಆ ಸಂದಿನಲ್ಲೇ ಕಿಡಿ ಹಾರಬೇಕು, ಇಷ್ಟು ಚಿಕ್ಕ ಜಾಗದಲ್ಲಿ ಹಾರುವ ಕಿಡಿ ಅಷ್ಟು ದೊಡ್ಡ ಗಾಡಿಯನ್ನು ಹೇಗೆ ಎಳೆದೊಯ್ಯುತ್ತದೋ ಅಂದುಕೊಳ್ಳುತ್ತಿದ್ದ, ಅಷ್ಟರಲ್ಲಿ ನಗು ಮೇಲಿನಿಂದ ಬಿತ್ತು, ಗೋಪಾಲಕೃಷ್ಣನ ಕಾಲೇಜಿನ ಗೆಳೆಯರು ಮೂವರದು, ಮೋಟಾರು ಶೆಡ್ಡಿನ ತಗಡಿಗೆ ಬಡಿದು ಇನ್ನಷ್ಟು ದೊಡ್ಡದಾಗಿ, ಬಾಗಿಲಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತಿದ್ದ ರಾಯರು ಮಾತ್ರ ನಗಲಿಲ್ಲ, ಏ ಸುಮ್ನಿರೋ ಎಂದರು ಮಗನಿಗೆ, ಹೊಸ್ತಿಲ ಮೇಲೆ ಕೂತ ಬೆಕ್ಕಿಗೆ ಹೇಳಿದ ಹಾಗೆ. ನಟ್ಟು ತಿರುಗಿಸುವ ಪಾನಾ ಹಿಡಿದ ಮಾರೆಣ್ಣನ ಬೆರಳು ಬಿಗಿಯಿತು, ಕಿವಿಯ ತುದಿ ಕಾದವು, ಎದ್ದು ಆ ಪಾನಾವನ್ನು — ಬೇಡ, ಪ್ಲಗ್ಗು ತಿರುಗಲಿ, ಒಂದು ಸುತ್ತು, ಎರಡು, ತಿರುಪಿನ ಗೆರೆ ಓರೆ ಹತ್ತಬಾರದು, ಸಿಟ್ಟಿನಲ್ಲಿ ತಿರುಗಿಸಿದರೆ ಮೆತ್ತನೆ ಲೋಹ ಕಿತ್ತು ಬರುತ್ತದೆ, ಈ ಲೋಹದ ಸ್ವಭಾವ ಅವನಿಗೆ ಗೊತ್ತು, ಗೊತ್ತು ಅಂದರೆ ಪೂರ್ತಿ ಗೊತ್ತಿಲ್ಲ, ಅದೇ ಅವನನ್ನು ಎಂಟು ದಿನದಿಂದ ಕೊರೆಯುತ್ತಿರುವುದು.

ಗಾಡಿ ರೇಸಿನ ಮೋಟಾರ್ ಸೈಕಲ್ಲು, ಬಾಗಿದ ಹ್ಯಾಂಡಲ್ಲು, ಉದ್ದ ಹೊಟ್ಟೆಯ ಟ್ಯಾಂಕು, ನಡುವೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಒಂದೇ ಒಂದು ಸಿಲಿಂಡರು, ದಂಡಿನ ಬಿಳಿ ಲೆಫ್ಟಿನೆಂಟು ಬಳ್ಳಾರಿಯ ಕವಾಯತು ಮೈದಾನದಲ್ಲಿ ಅದನ್ನು ಓಡಿಸುವಾಗ ಮಾರೆಣ್ಣ ಗಿಡದ ಮೇಲಿಂದ ನೋಡಿದ್ದ, ಸ್ವಾತಂತ್ರ್ಯ ಬಂದ ವರ್ಷ ಆತ ಊರು ಬಿಡುವಾಗ ಗಾಡಿಯನ್ನು ರಾಯರ ಶೆಡ್ಡಿನಲ್ಲಿ ನಿಲ್ಲಿಸಿ ಹೋದ, ನಾಲ್ಕು ವರ್ಷ ಗೋಣಿಯ ಕೆಳಗೆ, ಸೀಟಿನ ಸ್ಪ್ರಿಂಗಿನಲ್ಲಿ ಇಲಿ ಮರಿ ಹಾಕಿತು, ಕಿಕ್ಕು ತುಳಿದರೆ ಕಲ್ಲು ತುಳಿದಂತೆ. ಪೇಟೆಯ ಫಿಟ್ಟರ್ ದೊಡ್ಡಬಸಪ್ಪ ಸೀಮೆಎಣ್ಣೆ ಹೊಯ್ದು ನೋಡಿದ, ಮೂರು ದಿನ ಬಿಟ್ಟು ಮತ್ತೆ ಹೊಯ್ದ, ಇದು ಸತ್ತೈತ್ರೀ ರಾಯರ, ಗುಜರಿಗೆ ಹಾಕ್ರಿ ಅಂದ. ಗುಜರಿಗೆ ತಳ್ಳಿಕೊಂಡು ಹೋಗಲು ಕರೆಸಿದ್ದು ಮಾರೆಣ್ಣನನ್ನೇ. ಹಿಂದಿನ ಬಾಗಿಲಿಂದ ಬಾ ಅಂದರು, ಬಂದ, ಗಾಡಿ ಸ್ಟ್ಯಾಂಡಿನಿಂದ ಇಳಿಸಲು ಬಗ್ಗಿದ, ಪ್ಲಗ್ಗಿನ ತೂತಿನಲ್ಲಿ ಬೆರಳಿಟ್ಟ, ಯಾಕೆ ಇಟ್ಟನೋ, ತೂತು ಕಂಡರೆ ಬೆರಳಿಡುವ ಚಟ ಹುಟ್ಟಿನಿಂದಲೂ, ಬೆರಳ ತುದಿಗೆ ಕರಿ ಅಂಟು ಹತ್ತಿತು, ಮೂಸಿದ. ಮೂಸಿದ ಕೂಡಲೇ ಕುರುಗೋಡಿನ ತಮ್ಮ ಮನೆಯ ಮುಂದಿನ ಚಪ್ಪರ, ಅಪ್ಪ ಓಬಣ್ಣ ಮೊಣಕಾಲ ನಡುವೆ ಹಸಿ ತೊಗಲು ಸಿಗಿಸಿಕೊಂಡು ಕೂತಿರುವುದು, ಬಾವಿಯಿಂದ ನೀರೆತ್ತುವ ತೊಗಲಿನ ಚೀಲಕ್ಕೆ ಎಣ್ಣೆ ಸವರುವುದು, ಮೆಟ್ಟಿಗೂ ಅದೇ ಎಣ್ಣೆ, ಔಡಲೆಣ್ಣೆ, ಪೇಟೆಯವರ ಹರಳೆಣ್ಣೆ. ಇಂಗ್ಲೆಂಡಿನ ಗಾಡಿಯ ಹೊಟ್ಟೆಯಲ್ಲಿ ಅಪ್ಪನ ಔಡಲೆಣ್ಣೆ ಯಾಕೆ ಬಂತು. ಯಾಕೆ ಬಂತೋ ಬಂತು, ಆದರೆ ಹಳೆ ಔಡಲೆಣ್ಣೆ ಬಿಗಿದು ಗೋಂದಾದರೆ ಸೀಮೆಎಣ್ಣೆಗೆ ಜಗ್ಗುವುದಿಲ್ಲ ಅನ್ನುವುದು ಅಪ್ಪನ ಎಣ್ಣೆಗಡಿಗೆ ತಿಕ್ಕಿದ ಯಾರಿಗಾದರೂ ಗೊತ್ತು, ಇದು ಸತ್ತಿಲ್ಲ, ಬರೇ ಅಂಟಿಕೊಂಡಿದೆ. ಧಣೇರ, ನಂಗೊಮ್ಮಿ ಕೊಡ್ರಿ ಅಂದ, ಬಾಯಿ ತಾನೇ ಅಂದುಬಿಟ್ಟಿತು. ರಾಯರು ಕನ್ನಡಕದ ಮೇಲಿಂದ ನೋಡಿ, ಸುರು ಮಾಡಿದಿ ಅಂದ್ರ ಸಿರುಗುಪ್ಪ ಲೈನಿನ ಬಸ್ಸಿನ ಮಾಲಕ ಗಾದಿಲಿಂಗಪ್ಪಗ ಕಾಗದ ಕೊಡ್ತೀನಿ, ಫಿಟ್ಟರ್ ಕೆಲಸಕ್ಕ, ಎಂದರು. ಫಿಟ್ಟರ್! ಏಳು ಬಸ್ಸು, ಏಳು ಇಂಜಿನ್ನು, ಎಲ್ಲ ಬಿಚ್ಚಿ ನೋಡಬಹುದು, ತೊಗಲು ಹದ ಮಾಡುವ ಸುಣ್ಣದ ಗುಂಡಿಯಿಂದ ಕೈ ಮೇಲೆತ್ತಬಹುದು. ಮೂರನೆಯ ಇಯತ್ತೆಯಲ್ಲಿ ಸಾಲೆ ಬಿಟ್ಟವನಿಗೆ ಇನ್ನಾರು ಕಾಗದ ಕೊಟ್ಟಾರು. ಸಾಲೆಯಲ್ಲಿ ಅವನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದ್ದರು, ದೀಪದ ಬತ್ತಿಯಲ್ಲಿ ಎಣ್ಣೆ ಮೇಲಕ್ಕೆ ಹೆಂಗ ಏರ್ತತ್ರೀ ಸಾರ್ ಅಂತ ಕಿಟಕಿಯೊಳಗಿಂದ ಕೇಳಿದ, ನಿಂಗ್ಯಾಕ ಬೇಕಲೇ ಅಂದರು, ಬರೆಯುವ ಪಾಟಿಯನ್ನು ಅದೇ ಕಟ್ಟೆಗೆ ಬಡಿದು ಒಡೆದು ಎದ್ದು ಬಂದ, ಎಣ್ಣೆ ಹೇಗೆ ಏರುತ್ತದೆ ಇವತ್ತಿಗೂ ಗೊತ್ತಿಲ್ಲ.

ತೊಗಲು ಬಿರುಸಾದರೆ ಅಪ್ಪ ಕೆಂಡದ ಶಾಖ ತೋರಿಸುತ್ತಾನೆ, ಅವನೂ ಅದನ್ನೇ ಮಾಡಿದ, ಟ್ಯಾಂಕು ಬಿಚ್ಚಿ ಹೊರಗಿಟ್ಟು, ಹರಿವಾಣದಲ್ಲಿ ಕೆಂಡ ತುಂಬಿ ಸಿಲಿಂಡರಿನ ಮಗ್ಗುಲಿಗೆ ಹಿಡಿದು ಕೂತ, ಗೋಪಾಲಕೃಷ್ಣ ಒಮ್ಮೆ ಇಣುಕಿ ಏನಲೇ, ಜೋಳದ ತೆನಿ ಸುಡ್ತೀಯೇನು ಅಂದು ಹೋದ, ಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲೋ ಕಟ್ ಅಂದಿತು, ಕಿಕ್ಕು ಒಂದು ಬೆರಳು ಇಳಿಯಿತು. ಸಿಲಿಂಡರನ್ನೂ ಪಿಸ್ಟನ್ನನ್ನೂ ಬಿಚ್ಚಿ ಗೋಣಿಯಲ್ಲಿ ಸುತ್ತಿ ಕುರುಗೋಡಿನ ಬಸ್ಸು ಹತ್ತಿದ, ಅವ್ವ ಸುಂಕಲಮ್ಮ ಹತ್ತಿಕಟ್ಟಿಗೆಯ ಬೂದಿ ನೆನೆಸಿ ತಿಳಿ ಬಸಿದು ಕುದಿಯಲು ಇಟ್ಟಳು, ಎಣ್ಣೆಗಡಿಗೆಗೆ ಮಾಡುವ ಹಾಗೆಯೇ, ಕಬ್ಬಿಣದ ಸಿಲಿಂಡರು ಒಂದು ತಾಸಿನಲ್ಲಿ ತೊಳೆದಿಟ್ಟಂತೆ ಬಂತು, ಹಿಗ್ಗಿದ, ಪಿಸ್ಟನ್ನನ್ನೂ ಹಾಕಿದ. ಆಗ ಎದ್ದವು. ಮೊದಲು ಒಂದೆರಡು, ಸೂಜಿಯ ಮೊನೆಯಷ್ಟು, ಆಮೇಲೆ ಮೈತುಂಬ, ಪಿಸ್ಟನ್ನಿನ ಬಿಳಿ ಮೈಯಿಂದಲೇ ಹುಟ್ಟಿ ಸಾಲುಗಟ್ಟಿ ಮೇಲೇರುವ ಗುಳ್ಳೆಗಳು, ನೀರು ಕುದಿಯುವುದಲ್ಲ, ಒಲೆಯಿಂದ ಇಳಿಸಿದರೂ ನಿಲ್ಲಲಿಲ್ಲ, ಲೋಹವೇ ಉಸಿರಾಡುತ್ತಿತ್ತು, ಮತ್ತು ಕಪ್ಪಗಾಗುತ್ತಿತ್ತು. ತಗೀಲೇ ತಗೀ ಅಂತ ಅವ್ವ ಇಕ್ಕಳ ಹಾಕಿ ಎತ್ತಿದಳು, ಸಿರುಗುಪ್ಪ ಸಂತ್ಯಾಗ ತಂದ ಜರ್ಮನಿ ಬೋಗುಣಿ ನೆನಪಿಲ್ಲೇನು, ಬೂದಿಲೆ ತಿಕ್ಕಿದ್ಕ ಹೆಂಗ ಕರ್ರಗಾತು, ಈ ಹಗುರ ಲೋಹಕ್ಕ ಬೂದಿ ಆಗಂಗಿಲ್ಲ ಅಂದಳು. ಅವಳ ಅಲ್ಯುಮಿನಿಯಂ ಬೋಗುಣಿ, ಲೆಫ್ಟಿನೆಂಟನ ಪಿಸ್ಟನ್ನು, ಒಂದೇ ಲೋಹ? ಕಬ್ಬಿಣಕ್ಕೆ ಏನೂ ಮಾಡದ ಬೂದಿ ಇದನ್ನು ಯಾಕೆ ತಿನ್ನುತ್ತದೆ, ತಿಂದದ್ದು ಎಲ್ಲಿ ಹೋಗುತ್ತದೆ, ಗುಳ್ಳೆಯೊಳಗೆ ಇರುವುದೇನು? ಹಾಳಾಗಿದ್ದರೆ ಫಿಟ್ಟರ್ ಕೆಲಸವೂ ಹಾಳು ಅನ್ನುವ ಭಯ ಒಂದು ಕಡೆ, ಆದರೆ ಕಣ್ಣು ಗಡಿಗೆಯಲ್ಲೇ, ಉಳಿದ ನೀರಿನಲ್ಲೇ. ಪಿಸ್ಟನ್ನಿನ ಕಪ್ಪನ್ನು ಮಣ್ಣಿನಿಂದ ತಿಕ್ಕಿ ತೆಗೆದ, ಅಳೆಯಲು ಏನೂ ಇಲ್ಲದೆ ಸಿಲಿಂಡರಿನೊಳಗೆ ಇಳಿಬಿಟ್ಟು ತೂಗಾಡಿಸಿ ನೋಡಿದ, ಮೇಲುಮೇಲಿನದಷ್ಟೇ ಹೋಗಿತ್ತು, ಬಚಾವು. ಹೊರಡುವಾಗ ಅವ್ವ ಗಡಿಗೆಯಲ್ಲಿದ್ದ ಔಡಲೆಣ್ಣೆಯನ್ನು ಮೂರು ಸಲ ಬಟ್ಟೆಯಲ್ಲಿ ಸೋಸಿ, ನೀರಿನಂಶ ಸಿಡಿದು ಹೋಗುವವರೆಗೂ ಕಾಯಿಸಿ ಬಾಟಲಿಗೆ ತುಂಬಿ ಕೊಟ್ಟಳು, ಗಾಡಿಗೆ ರೂಢಿಯಾದದ್ದನ್ನೇ ಕುಡಿಸಬೇಕಲ್ಲ, ಅಪ್ಪ ಗೊಣಗಿದ, ಮೆಟ್ಟಿಗಿಲ್ಲದ ಎಣ್ಣಿ ದೊರಿ ಗಾಡಿಗೆ.

ಈಗ ಶೆಡ್ಡಿನಲ್ಲಿ ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ ಆಗಿದೆ, ಆ ಎಣ್ಣೆ ಇಂಜಿನ್ನಿನೊಳಗೆ ಇದೆ, ಪ್ಲಗ್ಗು ಬಿಗಿಯಾಯಿತು, ರಾಯರ ಕಾರಿನಿಂದ ತೆಗೆದ ಪೆಟ್ರೋಲು ಇಳಿಯಿತು, ಮಾರೆಣ್ಣ ಎದ್ದು ನಿಂತು ಕಿಕ್ಕಿನ ಮೇಲೆ ಬರಿಗಾಲು ಇಟ್ಟ. ಒಂದು ಸಲ ತುಳಿದ, ಏನೂ ಇಲ್ಲ, ಹೊಲಿಗಿ ಬಿಚ್ಚಿತೇನೋ ಅಂದ ಒಬ್ಬ ಗೆಳೆಯ, ಎರಡನೆಯ ಸಲ ಕೆಮ್ಮಿತು, ಮೂರನೆಯದಕ್ಕೆ — ತಗಡು ನಡುಗಿತು, ಗೋಡೆಯ ಮೊಳೆಗೆ ತೂಗುಹಾಕಿದ್ದ ಕೊಡೆ ಬಿತ್ತು, ಗೆಳೆಯರು ಹಿಂದೆ ಸರಿದರು, ಅಂಗಾಲಿನಿಂದ ಹೊಕ್ಕುಳವರೆಗೂ ಆ ಗುಡುಗು ಏರಿತು, ಕಿಡಿ ಹಾರಿತು, ಅಷ್ಟು ಚಿಕ್ಕ ಸಂದಿನಲ್ಲಿ! ನೀಲಿ ಹೊಗೆ ಎದ್ದು ಶೆಡ್ಡು ತುಂಬಿತು, ಸುಟ್ಟ ಔಡಲೆಣ್ಣೆಯ ಸಿಹಿ ವಾಸನೆ, ಗೆಳೆಯರು ಮೂಗರಳಿಸಿದರು, ಏನ್ ಘಮ್ ಅಂತದಲೇ, ಅತ್ತರು ಇದ್ದಂಗದ, ಇದು ವಿಲಾಯತಿ ಎಣ್ಣೀನೇ ಬಿಡು, ಇಂಗ್ಲೆಂಡಿನವರ ರುಚಿನೇ ಬ್ಯಾರೆ. ಗೋಪಾಲಕೃಷ್ಣ ಟ್ಯಾಂಕಿನ ಮೇಲೆ ಕೈಯಿಟ್ಟು, ಯಾವ ಎಣ್ಣಿ ಹಾಕಿದ್ಯೋ, ಹೇಳು, ಮದರಾಸಿನಿಂದ ತರಸ್ತೀನಿ ಅಂದ, ಈ ಸಲ ದನಿಯಲ್ಲಿ ಕೊಂಕಿಲ್ಲ. ಉತ್ತರ ನಾಲಿಗೆಯ ಮೇಲೇ ಇತ್ತು, ನಮ್ಮಪ್ಪ ಮೆಟ್ಟಿಗೆ ಸವರೋದು, ಅಷ್ಟೇ ಸಾಕು, ಮೂವರ ಮೂಗೂ ಒಟ್ಟಿಗೆ ಮುಚ್ಚುತ್ತಿದ್ದವು. ಅಷ್ಟರಲ್ಲಿ ರಾಯರು ಇಂಜಿನ್ ನಿಲ್ಲಿಸೆಂದು ಕೈಮಾಡಿದರು, ಮೊಣಕಾಲ ಮೇಲೆ ಹಲಗೆಯಿಟ್ಟು ಕಾಗದ ಬರೆದು ಮುಗಿಸಿದ್ದರು, ಆಡಿದ ಮಾತು ಆಡಿದ್ದೇ, ಕೇಳಪಾ ಎಂದು ಓದಿದರು: ನನ್ನ ಚಿರಂಜೀವಿ ಗೋಪಾಲಕೃಷ್ಣನು ಸ್ವಂತ ಬುದ್ಧಿಯಿಂದ ಸದರಿ ಮೋಟಾರ್ ಸೈಕಲ್ಲನ್ನು ದುರಸ್ತು ಮಾಡಿದ್ದು, ಈ ಕಾಗದ ತರುವ ಮಾರೆಣ್ಣ ಎಂಬವನು ಕೇಳಿದ ಸಾಮಾನು ಎತ್ತಿಕೊಟ್ಟು ವಿಧೇಯತೆಯಿಂದ ನಡೆದುಕೊಂಡಿರುತ್ತಾನೆ, ಆದ್ದರಿಂದ ಇವನನ್ನು ಫಿಟ್ಟರ್ ಕೆಲಸಕ್ಕೆ ತೆಗೆದುಕೊಳ್ಳುವುದು. ಹಿಂಗ ಬರದ್ರ ಗಾದಿಲಿಂಗಪ್ಪ ನಂಬ್ತಾನ, ಇಲ್ದಿದ್ರ ನಂಬಂಗಿಲ್ಲ, ಹೌದಿಲ್ಲೋ ಮಾರೆಣ್ಣ? ಗೋಪಾಲಕೃಷ್ಣ ತನ್ನ ಚಪ್ಪಲಿ ನೋಡುತ್ತ ನಿಂತ.

ಹೌದ್ರೀ ಧಣಿ ಅಂದರೆ ಏಳು ಬಸ್ಸು, ಏಳು ಇಂಜಿನ್ನು. ಕಾಗದ ಗಾಳಿಗೆ ಪಟಪಟ ಅನ್ನುತ್ತಿದೆ, ಶಾಯಿ ಇನ್ನೂ ಹಸಿ. ಮಾರೆಣ್ಣ ಪಾನಾವನ್ನು ಸೀಟಿನ ಮೇಲಿಟ್ಟ, ಕೈಯ ಜಿಡ್ಡನ್ನು ಪಂಚೆಗೆ ಒರೆಸಿದ, ಮುಂದಿನ ಬಾಗಿಲು ಹತ್ತಿರವಿತ್ತು, ಅದರಿಂದಲೇ ನಡೆದ, ರಾಯರ ಕುರ್ಚಿಯ ಮಗ್ಗುಲಿಂದ, ತುಳಸಿಕಟ್ಟೆ ದಾಟಿ, ಏಯ್, ಕಾಗದ, ಹೌದೋ ಅಲ್ಲೋ ಹೇಳಿ ಹೋಗೋ ಎಂದು ಹಿಂದಿನಿಂದ ದನಿ, ರಸ್ತೆ ಬಂತು, ಬಿಸಿಲು, ಒಂದು ಜಟಕಾ, ಹಿಂದಿನ ದನಿ ಇನ್ನೊಮ್ಮೆ, ತನ್ನೊಳಗೆ ಸಿಟ್ಟು ಎಷ್ಟು ಹುಡುಕಿದರೂ ಕೈಗೆ ಸಿಗಲಿಲ್ಲ, ಸಿಕ್ಕಿದ್ದು ಗಡಿಗೆ, ತಿಳಿಯಾದ ಬೂದಿನೀರು, ತಳದಲ್ಲಿ ಬಿಳಿಯ ಲೋಹ, ಅದರ ಮೈಯಿಂದ ಬಿಟ್ಟೆದ್ದು ಬರುವ ಗುಳ್ಳೆ, ಬೆಂಕಿ ಇಲ್ಲ, ಆದರೂ ಬರುವ ಗುಳ್ಳೆ, ಒಂದು, ಅದರ ಹಿಂದೆ ಇನ್ನೊಂದು, ಯಾಕೆ, ಇನ್ನೊಂದು —