ನಾನು ತೋರಿಸಿದ್ದು 86

ನಾನೊಂದು ಪಲ್ಸ್ ಆಕ್ಸಿಮೀಟರ್. ಬೆಂಕಿಪೊಟ್ಟಣದಷ್ಟು ಮೈ, ಬೆರಳು ಕಚ್ಚುವ ಬಾಯಿ, ನೆತ್ತಿಯ ಮೇಲೆ ಕೆಂಪು ಅಂಕಿಗಳು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸುವುದು ಬಿಟ್ಟರೆ ಬೇರೆ ವಿದ್ಯೆ ನನಗಿಲ್ಲ. ದೂರದ ಕಾರ್ಖಾನೆಯಲ್ಲಿ ಸಾವಿರಾರು ಒಡಹುಟ್ಟಿದವರ ಜೊತೆ ಹುಟ್ಟಿದೆ. ಆರೋಗ್ಯ ಕೇಂದ್ರದಲ್ಲಿ ಅವರನ್ನೆಲ್ಲ ಅಗಲಿ ಆಶಾ ಕಾರ್ಯಕರ್ತೆ ಕಸ್ತೂರಿಯ ಕೈಚೀಲ ಸೇರಿದೆ. ಅಂದಿನಿಂದ ನಾನು ಒಂಟಿ.

ಅವಳದು ನೇಕಾರರ ಓಣಿ. ಮೊದಲ ವರ್ಷದ ಕೊರೊನಾದಲ್ಲಿ ಕಸ್ತೂರಿ ಜಗಲಿಯ ಮೇಲೆ ರೋಗಿಯ ಪಕ್ಕದಲ್ಲೇ ಕೂತು ನನ್ನನ್ನು ಓದುತ್ತಿದ್ದಳು. ಸೋತದ್ದೆಲ್ಲ ಮುದಿ ಬೆರಳುಗಳೇ. ಹರೆಯದವರಿಗೆ ಅದು ನೆಗಡಿಯ ಹಾಗೆ ಬಂದು ಹೋಯಿತು. ನಕ್ಕು ಮಾತಾಡುವವರಿಗೆ ಏನೂ ಆಗುವುದಿಲ್ಲ ಎಂಬ ಪಾಠ ಅವಳ ತಲೆಯಲ್ಲಿ ಕೂತುಬಿಟ್ಟಿತು. ಪಾಪ, ಅವಳು ಕಂಡದ್ದೇ ಅಷ್ಟು.

ಮರುವರ್ಷ ಟಿವಿಯವರು ಹೊಸ ರೂಪಾಂತರಿ ಎಂದರು. ಎಲ್ಲೋ ದೂರದಲ್ಲಂತೆ, ಆಮೇಲೆ ಜಿಲ್ಲೆಯಲ್ಲಂತೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಓಣಿಗೂ ಬಂತು. ಇದು ಬೇಗ ಹರಡುತ್ತದೆ, ಯಾರ ಮನೆಯೊಳಗೂ ಕಾಲಿಡಬೇಡಿ ಎಂದು ಮೇಲಿನವರು ಅಪ್ಪಣೆ ಮಾಡಿದರು. ವೈರಾಣು ವೇಷ ಬದಲಿಸಿತ್ತು, ನಮ್ಮ ಪಾಠ ಮಾತ್ರ ಹಳೆಯದೇ.

ನೇಕಾರ ಸಿದ್ರಾಮನಿಗೆ ಮೂವತ್ತೆರಡು ವರ್ಷ. ಜ್ವರ ಹತ್ತಿ ನಾಲ್ಕು ದಿನವಾಗಿತ್ತು. ಕಸ್ತೂರಿ ಕಿಟಕಿಯ ಹೊರಗೆ ನಿಂತು ಸರಳುಗಳ ನಡುವೆ ನನ್ನನ್ನು ಕೊಟ್ಟಳು. ಅವನು ಬೆರಳಿಗೆ ಸಿಕ್ಕಿಸಿಕೊಂಡು, ನನ್ನನ್ನು ನೋಡದೆ ಕಸ್ತೂರಿಯ ಮುಖವನ್ನೇ ನೋಡುತ್ತ ಕೈ ಚಾಚಿದ. ಪಕ್ಕದಲ್ಲಿ ಹೆಂಡತಿ ನೀಲವ್ವ ಕೂತಿದ್ದಳು. ನೂಲಿನ ಗಂಜಿ ಹಿಡಿದ ಒರಟು ಬೆರಳು ತಣ್ಣಗಿತ್ತು. ನಾನು 86 ತೋರಿಸಿದೆ. ಆದರೆ ನನ್ನ ಅಂಕಿಗಳ ಮುಖ ಬೆರಳಿನವನ ಕಡೆಗೆ. ಎದುರು ನಿಂತವಳಿಗೆ ಅವು ತಲೆಕೆಳಗು.

"ತೊಂಬತ್ತೆಂಟ ಐತಿ ತಮ್ಮಾ. ಕುದುರಿ ಇದ್ದಂಗ ಅದೀ," ಎಂದಳು ಕಸ್ತೂರಿ.

"ಹಂಗಾರ ನಾಳೆ ಮಗ್ಗಕ್ಕ ಕೂಡ್ಲೇನ್ರಿ ಅಕ್ಕಾ?" ಎಂದು ಸಿದ್ರಾಮ ನಕ್ಕ.

ಅವನು ನಕ್ಕದ್ದರಿಂದ ಅವಳಿಗೆ ಅನುಮಾನವೇ ಬರಲಿಲ್ಲ. ನನಗೆ ಕೂಗಬೇಕೆನಿಸಿತು. ಅಂಕಿ ಬಿಟ್ಟರೆ ನನಗೆ ನಾಲಿಗೆ ಎಲ್ಲಿದೆ?

ಮರುದಿನ ಬೆಳಿಗ್ಗೆ ಇನ್ನೊಂದು ಕಿಟಕಿ. ಗಟ್ಟಿಮುಟ್ಟಾದ ಮುದುಕಿಯೊಬ್ಬಳ ಬೆರಳಲ್ಲಿ ನಾನು 98 ತೋರಿಸಿದರೆ ಕಸ್ತೂರಿಗೆ 86 ಕಂಡಿತು. ಗಾಬರಿಯಿಂದ ಆ್ಯಂಬುಲೆನ್ಸಿಗೆ ಫೋನ್ ಹಚ್ಚುತ್ತ ನನ್ನನ್ನು ಕೈಗೆ ತೆಗೆದುಕೊಂಡು ತನ್ನ ಬೆರಳಿಗೆ ಸಿಕ್ಕಿಸಿಕೊಂಡಳು. 98. ಕೈ ತಿರುಗಿಸಿದಳು. 86. ಸಿದ್ರಾಮನ ಮನೆಗೆ ಓಡಿದಳು. ಬಾಗಿಲಿಗೆ ಬೀಗ. ಉಸಿರು ಸಿಗದೆ ಆಗಷ್ಟೇ ಆಸ್ಪತ್ರೆಗೆ ಒಯ್ದಿದ್ದರು. ಆಸ್ಪತ್ರೆ ಸೇರಿದ ಐದನೆಯ ದಿನ ಅವನು ತೀರಿಕೊಂಡ.

ಕಸ್ತೂರಿ ಯಾರಿಗೂ ಹೇಳಲಿಲ್ಲ. ಅಂಕಿಗಳ ಬುಡ ಇರುವ ನನ್ನ ತುದಿಗೆ ಕೆಂಪು ದಾರ ಕಟ್ಟಿದಳು. ದಾರ ತನ್ನ ಕಡೆಗಿದ್ದರೆ ಮಾತ್ರ ಓದುತ್ತಿದ್ದಳು.

ಮುಂದಿನ ಚಳಿಗಾಲಕ್ಕೆ ಮತ್ತೊಂದು ರೂಪಾಂತರಿ. ವಾರದಲ್ಲಿ ಓಣಿಗೆ ಓಣಿಯೇ ಕೆಮ್ಮಿತು, ಬಹಳ ಜನ ಮೂರೇ ದಿನಕ್ಕೆ ಎದ್ದು ಕೂತರು. ನೀಲವ್ವನಿಗೂ ಜ್ವರ ಬಂತು. ಅಪ್ಪಣೆ ಮೀರಿ ಕಸ್ತೂರಿ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತಳು. ನಾನು 98 ತೋರಿಸಿದೆ. ಕಸ್ತೂರಿ ಅದನ್ನು ಓದಲಿಲ್ಲ.

"ನೀಲಾ, ಅವತ್ತ ಸಿದ್ರಾಮಂದು ಎಂಬತ್ತಾರಿತ್ತು. ನಾ ತಲಿಕೆಳಗ ಓದಿದ್ನಿ," ಎಂದಳು.

ನೀಲವ್ವ ನನ್ನನ್ನು ಬೆರಳಿನಿಂದ ಬಿಡಿಸಿ ಕಸ್ತೂರಿಯ ಕೈಗಿಟ್ಟಳು.

"ನನಗ ಎಂಬತ್ತಾರ ಕಂಡಿತ್ರಿ ಅಕ್ಕಾ. ನೀವು ಕಲಿತವ್ರು, ನಿಮಗ ತಿಳಿದಿರ್ತೈತಿ ಅಂತ ಬಾಯಿ ಮುಚ್ಕೊಂಡು ಕುಂತ್ನಿ."

ಇಬ್ಬರೂ ಅತ್ತರು. ಒಂದೇ ಅಂಕಿಯನ್ನು ಮೂವರು ಒಬ್ಬೊಬ್ಬರಾಗಿಯೇ ಹೊತ್ತು ತಿರುಗಿದ್ದೆವು. ಅಂದಿನಿಂದ ಕಸ್ತೂರಿ ಯಾವ ಮನೆಯಲ್ಲೂ ತಾನು ಮೊದಲು ಓದಲಿಲ್ಲ. "ನಿಮಗ ಎಷ್ಟ ಕಾಣ್ತೈತಿ ಹೇಳ್ರಿ," ಎಂದು ಕೇಳುತ್ತಿದ್ದಳು.

ಈಗ ನನ್ನ ಸ್ಪ್ರಿಂಗ್ ಸಡಿಲವಾಗಿದೆ. ಸೆಲ್ ತೆಗೆದು, ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದಾಳೆ. ಟಿವಿಯಲ್ಲಿ ಹೊಸ ರೂಪಾಂತರಿಯ ಸುದ್ದಿ ಬಂದಾಗೊಮ್ಮೆ ಮುಚ್ಚಳ ತೆರೆದು ಕೆಂಪು ದಾರ ಗಟ್ಟಿಯಿದೆಯೇ ಎಂದು ಎಳೆದು ನೋಡುತ್ತಾಳೆ. ನನಗೆಷ್ಟು ಕಂಡಿತು ಎಂದು ಮಾತ್ರ ಯಾರೂ ಕೇಳಿಲ್ಲ.