ಕೊರತೆ ಅಂದ್ರೆ ಇದೆ ಅಂತ

ಉಗ್ರಾಣದ ಗುಮಾಸ್ತನಿಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ನಿಘಂಟು. ಔಷಧಿ ಕೇಳಿ ಅರ್ಜಿ ಕೊಟ್ಟರೆ, ಔಷಧಿ ಹಾಗಿರಲಿ, ಮೊದಲು ಕಾಗುಣಿತ ತಿದ್ದುವ ಆಸಾಮಿ. ಅವತ್ತು ಸುಟ್ಟಗಾಯದ ವಾರ್ಡಿನ ದೊಡ್ಡ ಸಿಸ್ಟರ್ ಕಳಿಸಿದ ಅರ್ಜಿಯೂ ವಾಪಸು ಬಂತು. 'ನೋವಿನ ಇಂಜೆಕ್ಷನ್ ಕೊರತೆ ಇದೆ' ಅಂತ ಅವರು ಬರೆದದ್ದರ ಕೆಳಗೆ ಕೆಂಪು ಶಾಯಿಯಲ್ಲಿ, 'ಇರುವುದರಲ್ಲೇ ಸುಧಾರಿಸಿ.'

ಇರುವುದಂತೆ! ವಾರ್ಡಿನಲ್ಲಿ ಒಂದಾದರೂ ಇದ್ದರೆ ತಾನೇ? ನಿನ್ನೆ ಇಸ್ತ್ರಿ ಅಂಗಡಿಯ ಹೆಂಗಸಿಗೆ ಇಂಜೆಕ್ಷನ್ ಇಲ್ಲದೆಯೇ ತೋಳಿನ ಬ್ಯಾಂಡೇಜ್ ಬಿಚ್ಚಿದ್ದರು. ಬಟ್ಟೆ ಗಾಯಕ್ಕೆ ಅಂಟಿತ್ತು. ಆಕೆ ದಿಂಬು ಕಚ್ಚಿ ಹಿಡಿದಿದ್ದಳು. ಇವತ್ತು ಹನ್ನೊಂದಕ್ಕೆ ಮತ್ತೆ ಬಿಚ್ಚಬೇಕು. ಗಂಟೆ ಆಗಲೇ ಹತ್ತು.

ಸಿಸ್ಟರಿಗೆ ಮೈಯೆಲ್ಲ ಉರಿದುಹೋಯಿತು. ದಡದಡ ಮೆಟ್ಟಿಲಿಳಿದು ಉಗ್ರಾಣದ ಕಿಟಕಿಗೆ ಬಂದರು.

"ಏನ್ರೀ ಇದು? ಸುಧಾರಿಸೋಕೆ ನನ್ನ ಹತ್ರ ಏನಿದೆ, ನನ್ನ ತಲೆ?"

ನಿಘಂಟು ಕನ್ನಡಕ ಮೇಲೇರಿಸಿದ. "ಕೋಪ ಮಾಡ್ಕೋಬೇಡಿ ಸಿಸ್ಟರ್. ಕೊರತೆ ಅಂದ್ರೆ ಏನು? ಇದೆ, ಆದ್ರೆ ಸಾಲ್ತಾ ಇಲ್ಲ ಅಂತ. ಏನೇನೂ ಇಲ್ಲದಿದ್ರೆ ಅಭಾವ ಅಂತ ಬರೀಬೇಕಿತ್ತು. ತಪ್ಪು ನಿಮ್ಮದೇ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನೋದು ಸುಳ್ಳಲ್ಲ. ಮೇಲೆ ಒಂದು ಜೀವ ಒದ್ದಾಡುತ್ತಿದ್ದರೆ ಕೆಳಗೆ ಈ ಮಹಾನುಭಾವನ ಪಾಠ! ಸಿಸ್ಟರ್ ಹಲ್ಲು ಕಚ್ಚಿಕೊಂಡು 'ಕೊರತೆ' ಹೊಡೆದುಹಾಕಿ 'ಅಭಾವ' ಅಂತ ಬರೆದುಕೊಟ್ಟರು.

"ಈಗ ಸರಿಯಾಯ್ತು ನೋಡಿ," ಅಂದ ನಿಘಂಟು. "ಆದ್ರೆ ಅಭಾವ ಅಂದ್ರೆ ದೊಡ್ಡ ಮಾತು. ದೊಡ್ಡ ಡಾಕ್ಟರ್ ಸಹಿ ಬೇಕು. ಅವರು ಬರೋದು ಸೋಮವಾರ."

ಅವನ ಬೆನ್ನ ಹಿಂದೆ ಗಾಜಿನ ಕಪಾಟು. ಅದರ ತುಂಬ ಅದೇ ಇಂಜೆಕ್ಷನ್ನಿನ ಡಬ್ಬಿಗಳು.

"ಮತ್ತೆ ಅದೇನ್ರೀ ಅಲ್ಲಿ?"

"ಅದನ್ನ ಮುಟ್ಟೋ ಹಾಗಿಲ್ಲ. ಕೊರತೆ ಬಂದಾಗ ಬೇಕಾಗುತ್ತೆ ಅಂತ ಇಟ್ಟಿದೀವಿ."

"ಕೊರತೆ ಅಂತ ತಾನೇ ನಾನು ಬರೆದಿದ್ದು!"

"ಬರೆದಿದ್ರಿ. ಈಗ ನೀವೇ ಹೊಡೆದುಹಾಕಿದ್ರಲ್ಲ."

ಸಾಕಾಯಿತು ಸಿಸ್ಟರಿಗೆ. ಬಾಗಿಲು ತಳ್ಳಿ ಒಳಗೆ ನುಗ್ಗಿದರು, ಮೇಜಿನ ಮೇಲಿದ್ದ ಬೀಗದ ಕೈ ಎತ್ತಿಕೊಂಡರು, ಕಪಾಟು ತೆಗೆದು ಎರಡು ಡಬ್ಬಿ ಎಳೆದರು.

"ಅಯ್ಯೋ, ನಾನು ರಿಜಿಸ್ಟರಲ್ಲಿ ಏನಂತ ಬರೀಲಿ?"

"ಉಗ್ರಾಣದಲ್ಲಿ ನಾಚಿಕೆಯ ಅಭಾವ ಅಂತ ಬರೀರಿ. ಕೊರತೆ ಅಂತ ಬರೆದುಬಿಟ್ಟೀರಾ, ಸ್ವಲ್ಪ ಇದೆ ಅಂತ ಓದಿದವರು ನಂಬಿಬಿಡ್ತಾರೆ!"

ಮೇಲೆ ಬಂದು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆ ಕಾದು ಬ್ಯಾಂಡೇಜಿಗೆ ಕೈ ಹಾಕಿದರು. ಹೆಂಗಸು ಮುಖವನ್ನು ಗೋಡೆಗೆ ತಿರುಗಿಸಿ, ದಿಂಬು ಬಾಯಿಗೆ ಒತ್ತಿಕೊಂಡು ಕಾದಳು. ಕೊನೆಗೆ ಮೆಲ್ಲಗೆ ಕೇಳಿದಳು, "ಇನ್ನೂ ಶುರು ಮಾಡಿಲ್ವಾ ಸಿಸ್ಟರಮ್ಮ?"

"ಮುಗೀತು ಕಣಮ್ಮ."

ಆಕೆ ತಿರುಗಿ ಹೊಸ ಬ್ಯಾಂಡೇಜ್ ನೋಡಿದಳು, ತಟ್ಟೆಯಲ್ಲಿದ್ದ ಖಾಲಿ ಸೀಸೆ ನೋಡಿದಳು.

"ನಿನ್ನೆ ಇದು ಇರಲಿಲ್ವಾ?"

"ಇತ್ತು," ಅಂದರು ಸಿಸ್ಟರ್. "ಕೆಳಗಡೇನೇ ಇತ್ತು ಕಣಮ್ಮ, ಕಪಾಟಿನ ತುಂಬ."