ಖಾಲಿ ಹೋಲ್ಡರಿನ ಹಸಿರು

ನಾಳೆ ಹತ್ತು ಗಂಟೆಗೆ ನನ್ನ ಪಿಎಚ್‌ಡಿಯ ಕೊನೆಯ ಪರೀಕ್ಷೆ. ಸಂಡೂರಿನ ಲ್ಯಾಬಿನಲ್ಲಿ ಪರೀಕ್ಷಕರಿಗೆ ತೋರಿಸಬೇಕಾದ ಪುಡಿಯನ್ನು ಇನ್ನೊಮ್ಮೆ ಅಳೆಯುತ್ತಿದ್ದೆ. ನಾಲ್ಕು ವರ್ಷ ಸುಟ್ಟು ಅರೆದ ಪುಡಿ ಅದು. ಯುವಿ ಕಿರಣ ಬಿದ್ದರೆ ಕೆಂಪಾಗಿ ಬೆಳಗಬೇಕು. ಎಲ್‌ಇಡಿ ದೀಪಕ್ಕೆ ಅಂಥದ್ದೇ ಬೇಕು. ನನ್ನದು ಕೆಂಪಿನ ಜೊತೆ, ಈವರೆಗೆ ಯಾರಿಗೂ ಸಿಗದ ಹಸಿರನ್ನೂ ಕೊಡುತ್ತಿತ್ತು. ಆ ಹಸಿರಿನ ಮೇಲೇ ನನ್ನ ಪ್ರಬಂಧವೆಲ್ಲ ನಿಂತಿತ್ತು.

ಹೋಲ್ಡರೆಂಬ ಪುಟ್ಟ ಬಟ್ಟಲಿಗೆ ಪುಡಿ ತುಂಬುವಾಗ ಬೆರಳು ಯುವಿ ದೀಪದಡಿ ಬಂತು. ಉಗುರಿನ ಸಂದಿ ಹಸಿರಾಗಿ ಹೊಳೆಯಿತು.

ಅರಿಶಿಣವೂ ಯುವಿಯಲ್ಲಿ ಹಸಿರಾಗಿಯೇ ಹೊಳೆಯುತ್ತದೆ. ಬೆಳಿಗ್ಗೆ ಕಂಪ್ಲಿಯ ಮನೆಯಲ್ಲಿ ಹೊಸ್ತಿಲಿಗೆ ಅರಿಶಿಣ ಬಳಿದು ಬಸ್ಸು ಹತ್ತಿದ್ದೆ.

ಅಟೆಂಡರ್ ಉಚ್ಚೆಂಗಪ್ಪ ಕಸ ಗುಡಿಸುತ್ತಿದ್ದ. "ಅಣ್ಣ, ಹೋದ ವರ್ಷ ಆಯುಧ ಪೂಜೆಗೆ ಈ ಹೋಲ್ಡರ್‌ಗೂ ಅರಿಶಿಣ ಹಚ್ಚಿದ್ವೇನ್ರಿ?"

"ನೀವ ಹಚ್ಚಿದ್ರಲ್ರಿ ಮೇಡಂ. ಮಿಷನ್ನಿಗಷ್ಟ ಸಾಕು ಅಂದ್ರ ಕೇಳ್ಲಿಲ್ಲ, ಪುಡಿ ಕುಂದ್ರೋ ಜಾಗಕ್ಕೂ ಬೇಕಂದ್ರಿ."

ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿದ್ದೆ, ಅಷ್ಟೇ. ಹಸಿರು ಮೊದಲು ಕಂಡಿದ್ದು ದಸರಾ ಆದ ಮೇಲೆಯೇ. ಖಾಲಿ ಹೋಲ್ಡರನ್ನೂ ಅಳೆದು ನೋಡಬೇಕೆಂಬುದು ಈ ಕೆಲಸದ ಮೊದಲ ಪಾಠ. ಖುಷಿಯಲ್ಲಿ ಅದನ್ನೇ ಬಿಟ್ಟಿದ್ದೆ. ಎಂಥಾ ದಡ್ಡಿ ನಾನು!

ಈಗ ಅಳೆಯಲು ಕೈ ಬರಲಿಲ್ಲ. ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ನಾಳೆ ಮಧ್ಯಾಹ್ನಕ್ಕೆ ನಾನು ಡಾಕ್ಟರ್ ಕಾವ್ಯ. ಅಪ್ಪ ತಮ್ಮ ರೈಸ್‌ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ.

ಕೊನೆಗೆ ಪುಡಿ ಸುರಿದು ತೆಗೆದು, ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ಕಣ್ಣು ಬಿಟ್ಟಾಗ ಪರದೆಯ ಗೆರೆ ಅದೇ ಹಸಿರಿನ ಜಾಗದಲ್ಲಿ ಎದ್ದು ನಿಂತಿತ್ತು. ಹೋಲ್ಡರಿನಲ್ಲಿ ಪುಡಿಯೇ ಇರಲಿಲ್ಲ.

ಅಳುತ್ತಲೇ ಗೈಡ್ ವೀರೇಶ್ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಯಾರಿಗರ ಹೇಳಿಯೇನು?"

ಮುಚ್ಚಿಡು ಎನ್ನುತ್ತಾರೇನೋ. "ಇಲ್ರಿ ಸರ್."

"ಹಂಗಾರ ಮೊದ್ಲು ನಾನ ಪರೀಕ್ಷಕರಿಗೆ ಹೇಳ್ತೀನಿ. ಪೂಜೆದಾಗ ಆ ಹೋಲ್ಡರಿಗೆ ಕುಂಕುಮ ಇಟ್ಟೋನು ನಾನು. ಖಾಲಿದು ಅಳದಿಯೇನಂತ ನಿನ್ನ ಒಂದ್ ಮಾತು ಕೇಳ್ಲಿಲ್ಲ. ನಾಳೆ ಪರೀಕ್ಷೆ ಬ್ಯಾಡ."

ಹೋಲ್ಡರನ್ನು ಸ್ಪಿರಿಟ್ಟಿನಲ್ಲಿ ತೊಳೆದೆ. ಗ್ಲೌಸ್ ಹಾಕಿಕೊಂಡು ಪುಡಿ ತುಂಬಿ ಮತ್ತೆ ಅಳೆದೆ. ಹಸಿರು ಇರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. "ನಾಳೆ ಬರಬ್ಯಾಡಪ್ಪ."

"ಯಾಕವ್ವ, ಫೇಲಾತೇನು?"

"ಹಸಿರು ಹೋತಪ್ಪ. ಕೆಂಪು ಉಳದೈತಿ."

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. "ಇರ್ಲಿ ಬಿಡವ್ವ, ಮನಿಗೆ ಬಂದು ಉಂಡಮ್ಯಾಲೆ ಹೇಳುವಂತಿ. ಜಲ್ದಿ ಬಸ್ ಹತ್ತು," ಎಂದರು.